ಹಣ ಮೊದಲು ಯಾರ ಕೈಯಿಂದ ಹೋಗಬೇಕು?

ಇಲ್ಲಿ ಕೊಡಗಿನಲ್ಲಿ ಕಾಫಿ ಕೊಯ್ಲು ನಡೆಯುತ್ತಿರುವಾಗಲೇ ಮುಂದಿನ ಅಂತರರಾಷ್ಟ್ರೀಯ ಸಮುದಾಯ ಸಮ್ಮೇಳನಗಳ ಪ್ರಕಟಣೆಗಳು ಬರತೊಡಗುತ್ತವೆ. ವಿಕಿಪೀಡಿಯಕ್ಕೆ ಬರೆಯುವವರು ಸೇರುವ ವಿಕಿಮೇನಿಯಾ, ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಮುಕ್ತ ನಕ್ಷೆಯನ್ನು ಬೆಳೆಸುವವರು ಸೇರುವ ಸ್ಟೇಟ್ ಆಫ್ ದ ಮ್ಯಾಪ್, ಡೆಬಿಯನ್ ತಂತ್ರಾಂಶದ ಬಳಗ ಸೇರುವ ಡೆಬ್‌ಕಾನ್ಫ್, ಇವೆಲ್ಲ ಬಹುಮಟ್ಟಿಗೆ ಸಂಬಳವಿಲ್ಲದೆ ದುಡಿಯುವ ಜನರ ವಾರ್ಷಿಕ ಕೂಟಗಳು. ಕೊಡಗಿನಲ್ಲಿಯೂ ಇಂಥ ಕೆಲಸಕ್ಕೆ ಅಂಟಿಕೊಂಡವರು ನಾವು ಕೆಲವರಿದ್ದೇವೆ: ಸೋಮವಾರಪೇಟೆಯ ಕಡೆ ಹೈಸ್ಕೂಲಿನಲ್ಲಿ ಪಾಠ ಮಾಡುತ್ತ ಬಿಡುವಿನಲ್ಲಿ ಕನ್ನಡ ವಿಕಿಪೀಡಿಯಕ್ಕೆ ಬರೆಯುವ ನಾನು, ಪೊನ್ನಂಪೇಟೆಯ ಹತ್ತಿರ ತೋಟ ನೋಡಿಕೊಳ್ಳುತ್ತ ಊರಿನ ಕಾಲುದಾರಿಗಳನ್ನು ನಕ್ಷೆಗೆ ಏರಿಸುವ ಗೆಳೆಯ, ಮಡಿಕೇರಿಯಲ್ಲಿ ಮಕ್ಕಳಿಗೆ ಕಂಪ್ಯೂಟರ್ ಕಲಿಸುವ ಒಬ್ಬರು ಅಕ್ಕ. 2018ರ ಆಗಸ್ಟಿನಲ್ಲಿ ಗುಡ್ಡಗಳು ಕುಸಿದು ಮಕ್ಕಂದೂರು, ಜೋಡುಪಾಲದ ಕಡೆಯ ರಸ್ತೆಗಳೇ ಇಲ್ಲವಾದ ಮೇಲೆ, ಯಾರು ಬೇಕಾದರೂ ತಿದ್ದಬಹುದಾದ ನಕ್ಷೆಯ ಬೆಲೆ ಏನೆಂಬುದನ್ನು ನಮಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

ಪ್ರಕಟಣೆ ಬಂದ ಕೂಡಲೇ ನಮ್ಮೊಳಗೆ ಏಳುವ ಮೊದಲ ಪ್ರಶ್ನೆ ಈ ಸಲ ಎಲ್ಲಿ ಎಂಬುದು. ಎರಡನೆಯದು ಒಟ್ಟು ಎಷ್ಟಾಗಬಹುದು ಎಂಬುದು. ಸಂಘಟಕರು ಕೂಡ ಈ ಎರಡನೆಯ ಪ್ರಶ್ನೆಯನ್ನೇ ಮುಂದಿಟ್ಟುಕೊಂಡು ನೋಂದಣಿ ಶುಲ್ಕ ಇಳಿಸುತ್ತಾರೆ, ವಿದ್ಯಾರ್ಥಿವೇತನದ (ಪ್ರಯಾಣ, ವಸತಿಗೆ ಕೊಡುವ ನೆರವಿಗೆ ಈ ಬಳಗಗಳಲ್ಲಿ ಇದೇ ಹೆಸರು, ವಿದ್ಯಾರ್ಥಿಯೇ ಆಗಬೇಕಿಲ್ಲ) ಸಂಖ್ಯೆ ಹೆಚ್ಚಿಸುತ್ತಾರೆ, ಅಗ್ಗದ ವಸತಿ ಹುಡುಕುತ್ತಾರೆ. ಇದೆಲ್ಲ ಬೇಕಾದದ್ದೇ. ಆದರೆ ಸಣ್ಣ ಊರುಗಳಿಂದ ಹೊರಡುವವರನ್ನು ಹಲವು ವರ್ಷಗಳಿಂದ ನೋಡುತ್ತ ಬಂದ ನನಗೆ, ಒಟ್ಟು ಖರ್ಚಿಗಿಂತ ಆ ಖರ್ಚು ಯಾವ ಸರದಿಯಲ್ಲಿ, ಯಾವ ತಿಂಗಳಲ್ಲಿ, ಮೊದಲು ಯಾರ ಕೈಯಿಂದ ಹೋಗುತ್ತದೆ ಎಂಬುದೇ ಜನರನ್ನು ತಡೆಯುತ್ತದೆ ಎಂದು ತೋರುತ್ತದೆ. ಪೂರ್ಣ ವಿದ್ಯಾರ್ಥಿವೇತನ ಸಿಕ್ಕಿಯೂ ಹೋಗಲಾಗದವರನ್ನು ನಾನು ಬಲ್ಲೆ; ಲೆಕ್ಕದ ಹಾಳೆಯಲ್ಲಿ ಅವರ ಖರ್ಚು ಸೊನ್ನೆಯಾಗಿತ್ತು.

ಬಾಗಿಲಿನ ಶುಲ್ಕದ ಮಾತನ್ನು ಬೇಗ ಮುಗಿಸಿಬಿಡಬಹುದು. ಬ್ರಸೆಲ್ಸ್‌ನ ವಿಶ್ವವಿದ್ಯಾಲಯವೊಂದರ ಆವರಣದಲ್ಲಿ ಪ್ರತಿವರ್ಷ ಚಳಿಗಾಲದಲ್ಲಿ ನಡೆಯುವ ಫಾಸ್‌ಡೆಮ್ ಎಂಬ ಮುಕ್ತ ತಂತ್ರಾಂಶದ ಸಮ್ಮೇಳನಕ್ಕೆ ಪ್ರವೇಶ ಪೂರ್ತಿ ಉಚಿತ. ಹೆಸರು ನೋಂದಾಯಿಸುವ ಅಗತ್ಯವೂ ಇಲ್ಲ. ಸಾವಿರಾರು ಜನ ಸುಮ್ಮನೆ ಒಳಗೆ ನಡೆದುಹೋಗುತ್ತಾರೆ. ಡೆಬ್‌ಕಾನ್ಫ್‌ನಲ್ಲಿಯೂ ಸಾಮಾನ್ಯ ನೋಂದಣಿಗೆ ಹಣವಿಲ್ಲ. ಕಂಪನಿಯ ಖರ್ಚಿನಲ್ಲಿ ಬರುವವರು ಮಾತ್ರ ಹೆಚ್ಚಿನ ದರದ ವರ್ಗದಲ್ಲಿ ಹೆಸರು ಕೊಟ್ಟು ಉಳಿದವರ ಭಾರವನ್ನು ಸ್ವಲ್ಪ ಹೊರುತ್ತಾರೆ. ಇದು ಒಳ್ಳೆಯ ಏರ್ಪಾಡು, ಇದಕ್ಕಿಂತ ನ್ಯಾಯವಾದ ಶುಲ್ಕ ಪದ್ಧತಿ ನನಗೆ ಗೊತ್ತಿಲ್ಲ. ಆದರೂ ಬ್ರಸೆಲ್ಸ್‌ನ ತೆರೆದ ಬಾಗಿಲಿನ ಮುಂದೆ ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಲ್ಲುವ ಷೆಂಗೆನ್ ವೀಸಾ ನಿಂತಿದೆ, ಅದರ ಮುಂದೆ ವಿಮಾನದ ಟಿಕೆಟ್, ಅದಕ್ಕೂ ಮುಂದೆ ಬೆಂಗಳೂರಿಗೆ ಹೋಗುವ ಬಸ್ಸು.

ಕೊಡಗಿನಲ್ಲಿ ರೈಲಿಲ್ಲ. ಹತ್ತಿರದ ದೊಡ್ಡ ರೈಲು ನಿಲ್ದಾಣ ಮೈಸೂರಿನದು. 2018ರ ಡಿಸೆಂಬರಿನಲ್ಲಿ ಕಣ್ಣೂರು ವಿಮಾನ ನಿಲ್ದಾಣ ಆರಂಭವಾದಾಗ ವಿರಾಜಪೇಟೆಯ ಕಡೆಯವರಿಗೆ ಮಾಕುಟ್ಟ ಘಾಟಿ ಇಳಿದರೆ ಆಕಾಶವೇ ಹತ್ತಿರವಾದಂತೆ ಅನಿಸಿತ್ತು. ಆದರೆ ಅಲ್ಲಿಂದ ವಿದೇಶಿ ಸಂಸ್ಥೆಗಳ ವಿಮಾನಗಳು ಹಾರಲು ಅನುಮತಿ ಸಿಗದೆ, ಮುಖ್ಯವಾಗಿ ಭಾರತೀಯ ಸಂಸ್ಥೆಗಳ ಕೊಲ್ಲಿ ದೇಶಗಳ ಪ್ರಯಾಣಕ್ಕೇ ಅದು ಸೀಮಿತವಾಯಿತು. ಹಾಗಾಗಿ ದೂರದ ಸಮ್ಮೇಳನಕ್ಕೆ ಬೆಂಗಳೂರೇ ಗತಿ. ವೀಸಾಕ್ಕೆ ಬೆರಳಚ್ಚು ಕೊಡಲು ಒಮ್ಮೆ, ಪ್ರಯಾಣಕ್ಕೆ ಇನ್ನೊಮ್ಮೆ, ದಾಖಲೆ ಸಾಲದೆಂದರೆ ಮತ್ತೊಮ್ಮೆ ಅದೇ ಇನ್ನೂರೈವತ್ತು ಕಿಲೋಮೀಟರಿನ ದಾರಿ. ಬೆಂಗಳೂರಿನ ಸ್ವಯಂಸೇವಕನಿಗೆ ಅರ್ಧ ದಿನದ ರಜೆಯಲ್ಲಿ ಮುಗಿಯುವ ಕೆಲಸಕ್ಕೆ ನಮ್ಮವರಿಗೆ ಎರಡು ದಿನ ಬೇಕು, ರಾತ್ರಿ ಉಳಿಯಲು ಒಬ್ಬ ನೆಂಟ ಬೇಕು. ಯಾವ ವಿದ್ಯಾರ್ಥಿವೇತನದ ನಮೂನೆಯಲ್ಲಿಯೂ ಈ ಖರ್ಚಿಗೆ ಅಂಕಣವಿದ್ದುದನ್ನು ನಾನು ಕಂಡಿಲ್ಲ.

ವೀಸಾದ ಕಡತದ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ದೂರದಿಂದ ನೋಡುವವರಿಗೆ ಅದು ಬರೀ ಶುಲ್ಕದ ವಿಷಯವೆಂದು ಕಾಣುತ್ತದೆ. ಷೆಂಗೆನ್ ವೀಸಾದ ಶುಲ್ಕ 2024ರ ಜೂನ್‌ನಲ್ಲಿ ವಯಸ್ಕರಿಗೆ 80 ಯೂರೊಗಳಿಂದ 90ಕ್ಕೆ ಏರಿತು; ವೀಸಾ ನಿರಾಕರಿಸಿದರೂ ಅದು ಮರಳಿ ಬರುವುದಿಲ್ಲ. 30,000 ಯೂರೊಗಳಿಗೆ ಕಡಿಮೆಯಿಲ್ಲದ ರಕ್ಷಣೆಯ ಪ್ರಯಾಣ ವಿಮೆ ಬೇಕು. ಇವು ಹಣ ಕೊಟ್ಟರೆ ಮುಗಿಯುವ ಮಾತು. ಹಣದಿಂದ ಮುಗಿಯದಿರುವುದು, ತಾನು ಖಂಡಿತವಾಗಿ ಊರಿಗೆ ಮರಳುತ್ತೇನೆ, ತನಗೆ ಇಲ್ಲಿ ಬದುಕು ಇದೆ ಎಂದು ಕಾಗದದಲ್ಲಿ ತೋರಿಸುವುದು. ಆ ಕಾಗದಗಳನ್ನು ಸಂಬಳದಾರನೊಬ್ಬನನ್ನು ಮನಸ್ಸಿನಲ್ಲಿಟ್ಟುಕೊಂಡೇ ಕೇಳಲಾಗುತ್ತದೆ: ಆದಾಯ ತೆರಿಗೆ ವಿವರಪಟ್ಟಿ, ಕಳೆದ ಕೆಲವು ತಿಂಗಳ ಬ್ಯಾಂಕ್ ವಹಿವಾಟು, ಉದ್ಯೋಗದಾತರ ಪತ್ರ, ಆಸ್ತಿಯಿದ್ದರೆ ಅದರ ದಾಖಲೆ.

ಪೊನ್ನಂಪೇಟೆಯ ನನ್ನ ಗೆಳೆಯನ ಬಳಿ ಇವುಗಳಲ್ಲಿ ಯಾವುದೂ ಕೇಳಿದ ರೂಪದಲ್ಲಿ ಇಲ್ಲ. ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ. ಕಾಫಿಯನ್ನು ಸಂಸ್ಕರಿಸಿ ಮಾರಿದರೆ ಒಂದು ಪಾಲಿಗೆ ತೆರಿಗೆ ಬರುತ್ತದೆ, ಚೆರಿಯಾಗಿಯೇ, ಅಂದರೆ ಒಣಗಿಸಿದ ಇಡೀ ಹಣ್ಣಾಗಿಯೇ ಮಾರುವ ಸಣ್ಣ ಬೆಳೆಗಾರನಿಗೆ ಅದೂ ಇಲ್ಲ. ಆದ್ದರಿಂದ ಅವನು ವಿವರಪಟ್ಟಿ ಸಲ್ಲಿಸಿಯೇ ಇಲ್ಲ. ಸಲ್ಲಿಸದಿರುವುದು ತಪ್ಪೂ ಅಲ್ಲ. ರೋಬಸ್ಟಾ ಕಾಫಿಯ ಕೊಯ್ಲು ಜನವರಿಯಿಂದ ಮಾರ್ಚ್‌ವರೆಗೆ ನಡೆಯುತ್ತದೆ, ವರ್ಷದ ಹಣವೆಲ್ಲ ಆ ಆಸುಪಾಸಿನಲ್ಲೇ ಬಂದು ಗೊಬ್ಬರಕ್ಕೆ, ಕೂಲಿಗೆ, ಹಿಂದಿನ ಸಾಲಕ್ಕೆ ಹರಿದುಹೋಗುತ್ತದೆ. ಜೂನಿನಲ್ಲಿ ತೆಗೆದ ಬ್ಯಾಂಕ್ ವಹಿವಾಟಿನ ಪ್ರತಿ ನೋಡಿದವರಿಗೆ ಈ ಮನುಷ್ಯನ ಆದಾಯ ಬತ್ತುತ್ತಿದೆ ಎಂದೇ ಅನಿಸಬೇಕು. ಇನ್ನು ಭೂಮಿ. ಅವರದು ಜಮ್ಮಾ ಹಿಡುವಳಿ, ಅಂದರೆ ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಇಡೀ ಕುಟುಂಬಕ್ಕೆ ಸೇರಿ ಬರುವ ಭೂಮಿ. ಪಹಣಿಯಲ್ಲಿ ಪಟ್ಟೆದಾರರಾಗಿ ಕುಟುಂಬದ ಹಿರಿಯರೊಬ್ಬರ ಹೆಸರಿದೆ, ಇವನು ಆ ಒಕ್ಕದ, ಅಂದರೆ ಒಂದೇ ಮನೆತನದ ಹಲವರಲ್ಲಿ ಒಬ್ಬ. ತಲೆಮಾರುಗಳಿಂದ ಅದೇ ಮಣ್ಣಿನಲ್ಲಿ ಬೇರುಬಿಟ್ಟ ಮನೆಯವನು ಊರಿಗೆ ಮರಳುವನೆಂಬುದಕ್ಕೆ ಪುರಾವೆ ಕೊಡಲಾರದೆ ಕೂರುತ್ತಾನೆ. ಬೆಂಗಳೂರಿನಲ್ಲಿ ಹೋದ ವರ್ಷ ಕೆಲಸಕ್ಕೆ ಸೇರಿ ಬಾಡಿಗೆ ಕೋಣೆಯಲ್ಲಿರುವ ಹುಡುಗನ ಬಳಿ ಎಲ್ಲ ಪುರಾವೆಯೂ ಇರುತ್ತದೆ.

ಇದನ್ನು ಸಮ್ಮೇಳನದ ಸಂಘಟಕರು ಬದಲಿಸಲಾರರು, ರಾಯಭಾರ ಕಚೇರಿಯ ನಿಯಮ ಅವರ ಕೈಯಲ್ಲಿಲ್ಲ. ಆದರೆ ಅವರು ಬರೆಯುವ ಆಹ್ವಾನ ಪತ್ರ ಅವರ ಕೈಯಲ್ಲಿದೆ. ಬಹುಪಾಲು ಆಹ್ವಾನ ಪತ್ರಗಳು ಇಂಥವರನ್ನು ಸಮ್ಮೇಳನಕ್ಕೆ ಕರೆದಿದ್ದೇವೆ ಎಂದು ಎರಡು ಸಾಲು ಬರೆದು ಮುಗಿಸುತ್ತವೆ. ಅದರ ಬದಲು ಪ್ರಯಾಣ, ವಸತಿ, ಊಟ, ವಿಮೆ ಎಲ್ಲವನ್ನೂ ತಾವೇ ಭರಿಸುತ್ತೇವೆ, ಟಿಕೆಟ್ಟನ್ನು ತಾವೇ ಕೊಂಡಿದ್ದೇವೆ, ಈ ವ್ಯಕ್ತಿ ಇಷ್ಟು ವರ್ಷಗಳಿಂದ ಇಂಥ ಕೆಲಸ ಮಾಡುತ್ತಿದ್ದಾರೆ ಎಂದು ವಿವರವಾಗಿ ಬರೆದು, ಸಂಪರ್ಕಿಸಬಹುದಾದ ಹೊಣೆಗಾರರೊಬ್ಬರ ಹೆಸರನ್ನೂ ಕೊಟ್ಟರೆ, ತೆಳ್ಳಗಿನ ಬ್ಯಾಂಕ್ ಪ್ರತಿಯ ಪಕ್ಕದಲ್ಲಿ ಇಡಲು ಒಂದು ಗಟ್ಟಿ ಕಾಗದ ಸಿಕ್ಕಂತಾಗುತ್ತದೆ. ಖಾತರಿಯೇನೂ ಅಲ್ಲ. ಆದರೆ ಇದಕ್ಕೆ ಸಂಘಟಕರಿಗೆ ತಗಲುವುದು ಒಂದು ಸಂಜೆಯ ಶ್ರಮ.

ಈಗ ಹಣದ ಸರದಿಗೆ ಬರುತ್ತೇನೆ. ಅನೇಕ ಸಮ್ಮೇಳನಗಳ ಪ್ರಯಾಣ ನೆರವು ಮರುಪಾವತಿಯ ರೂಪದಲ್ಲಿದೆ: ಮೊದಲು ನೀವು ಖರ್ಚು ಮಾಡಿ, ರಸೀದಿ ಇಟ್ಟುಕೊಳ್ಳಿ, ಮುಗಿದ ಮೇಲೆ ಕಳಿಸಿ, ನಾವು ಪರಿಶೀಲಿಸಿ ಹಣ ಹಾಕುತ್ತೇವೆ. ಸಂಘಟಕರ ದೃಷ್ಟಿಯಲ್ಲಿ ಇದು ಸಹಜವಾದದ್ದು. ಹಣ ಪಡೆದು ಬಾರದೆ ಹೋದವರ ಭಯ ಅವರಿಗಿದೆ, ಲೆಕ್ಕಪರಿಶೋಧಕರ ಭಯವೂ ಇದೆ. ಆದರೆ ಈ ಪದ್ಧತಿ ಏನನ್ನು ಊಹಿಸಿಕೊಂಡಿದೆ ನೋಡಿ. ಅರ್ಜಿದಾರನ ಬಳಿ ಅಂತರರಾಷ್ಟ್ರೀಯ ವಹಿವಾಟಿಗೆ ತೆರೆದ ಕ್ರೆಡಿಟ್ ಕಾರ್ಡ್ ಇದೆ, ಆ ಕಾರ್ಡಿನ ಮಿತಿ ಒಂದು ವಿಮಾನ ಟಿಕೆಟ್ ಮತ್ತು ಹೋಟೆಲಿನ ಠೇವಣಿಯನ್ನು ತಾಳುತ್ತದೆ, ಮರುಪಾವತಿ ಬರುವವರೆಗೆ ಬಡ್ಡಿ ಕಟ್ಟುವ ಶಕ್ತಿಯಿದೆ, ವಿದೇಶದಿಂದ ಹಣ ಪಡೆಯಬಲ್ಲ ಬ್ಯಾಂಕ್ ಖಾತೆಯಿದೆ. ಇಷ್ಟೆಲ್ಲ ಇರುವವನಿಗೆ ನೆರವು ಬೇಕಾಗಿಯೇ ಇರುವುದಿಲ್ಲ ಎಂದಲ್ಲ, ಅವನಿಗೆ ಅದು ಅನುಕೂಲ. ಇಲ್ಲದವನಿಗೆ ಅದೊಂದು ಸಾಲದ ಆಹ್ವಾನ.

ಕೆಲವು ವರ್ಷಗಳ ಹಿಂದೆ ಇಂಥದೊಂದು ಸಮ್ಮೇಳನಕ್ಕೆ ಆಯ್ಕೆಯಾದ ಪತ್ರ ಹಿಡಿದುಕೊಂಡು ನಾನು ನಮ್ಮೂರಿನ ಸಹಕಾರ ಸಂಘಕ್ಕೆ ಮನೆಯವಳ ಬಳೆಗಳ ಮೇಲೆ ಸಾಲ ಕೇಳಲು ಹೋಗಿದ್ದೆ. ಕಾರ್ಯದರ್ಶಿಗಳು ಪತ್ರವನ್ನು ಎರಡು ಸಲ ಓದಿಸಿಕೊಂಡು ಕೇಳಿದರು: "ಮೇಷ್ಟ್ರೇ, ಅವರೇ ಕರೆದಿದ್ದಾರೆ, ಅವರೇ ಹಣ ಕೊಡ್ತೇವೆ ಅಂತಲೂ ಬರೆದಿದ್ದಾರೆ. ಮತ್ತೆ ನೀವು ಯಾಕೆ ಬಳೆ ಇಡ್ತೀರಿ?" ನಾನು ಮರುಪಾವತಿಯ ನಿಯಮವನ್ನು ವಿವರಿಸಿದೆ. ಅವರು ಸಾಲ ಕೊಟ್ಟರು, ಆದರೆ ಅವರ ಮುಖದಲ್ಲಿದ್ದ ಅನುಮಾನ ಕಡಿಮೆಯಾಗಲಿಲ್ಲ. ಕಾಫಿ ವ್ಯಾಪಾರ ಬಲ್ಲ ಯಾರಿಗಾದರೂ ಅದು ವಿಚಿತ್ರವಾಗಿಯೇ ಕಾಣಬೇಕು. ನಮ್ಮಲ್ಲಿ ಹಣವುಳ್ಳ ವ್ಯಾಪಾರಿ ಗಿಡದ ಮೇಲಿರುವ ಹಣ್ಣು ನೋಡಿ ಬೆಳೆಗಾರನಿಗೆ ಮುಂಗಡ ಕೊಡುತ್ತಾನೆ. ಇಲ್ಲಿ ಹಣವಿಲ್ಲದ ಬೆಳೆಗಾರನೇ ಹಣವುಳ್ಳ ವ್ಯಾಪಾರಿಗೆ ಮುಂಗಡ ಕೊಡಬೇಕು.

ಹಣ ಕಡೆಗೆ ಬಂತು, ಅದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ಆದರೆ ಸಹಕಾರ ಸಂಘದ ಖಾತೆಗೆ ವಿದೇಶದಿಂದ ನೇರವಾಗಿ ಹಣ ಬರುವುದಿಲ್ಲ. ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಖಾತೆ ತೆರೆದರೂ ವಿದೇಶದ ಹಣ ಪಡೆಯಲು ಬೇಕಾದ ಸ್ವಿಫ್ಟ್ ಸಂಕೇತ ನಮ್ಮ ಶಾಖೆಗೆ ಇರಲಿಲ್ಲ. ಬೇರೆ ಊರಿನ ಶಾಖೆಯ ಮೂಲಕ ತರಿಸಬೇಕಾಯಿತು. ಬಂದ ಹಣ ಯಾವ ಉದ್ದೇಶಕ್ಕೆಂದು ನಮೂನೆ ತುಂಬಿಸಿದರು, ಮಧ್ಯದ ಬ್ಯಾಂಕುಗಳು ತಮ್ಮ ಪಾಲು ಹಿಡಿದುಕೊಂಡವು, ಸಂಘದ ಬಡ್ಡಿ ನನ್ನ ಲೆಕ್ಕಕ್ಕೇ ಉಳಿಯಿತು. ನನಗೆ ತಿಂಗಳ ಸಂಬಳವಿರುವುದರಿಂದ ಇದು ತಾಪತ್ರಯದ ಮಟ್ಟದಲ್ಲೇ ನಿಂತಿತು. ಮಡಿಕೇರಿಯ ಅಕ್ಕ ಅದೇ ವರ್ಷ ಆಯ್ಕೆಯಾಗಿದ್ದರೂ ಈ ಸರದಿಯನ್ನು ಓದಿದ ಕೂಡಲೇ ಬೇರೆಯವರಿಗೆ ಅವಕಾಶ ಕೊಡಿ ಎಂದು ಬರೆದು ಸುಮ್ಮನಾದರು. ಸಂಘಟಕರ ಲೆಕ್ಕದಲ್ಲಿ ಅವರು ಸ್ವಇಚ್ಛೆಯಿಂದ ಹಿಂದೆ ಸರಿದವರು.

ಸರದಿಯನ್ನು ತಿರುಗಿಸುವುದು ಕಷ್ಟವೇನಲ್ಲ. ಟಿಕೆಟ್ಟನ್ನು ಸಂಘಟಕರೇ ಪ್ರಯಾಣ ಸಂಸ್ಥೆಯೊಂದರ ಮೂಲಕ ಕೊಂಡು ಕಳಿಸಬಹುದು. ದೊಡ್ಡ ಸಮ್ಮೇಳನಗಳಲ್ಲಿ ಪೂರ್ಣ ವಿದ್ಯಾರ್ಥಿವೇತನಕ್ಕೆ ಈ ಪದ್ಧತಿ ಈಗಾಗಲೇ ಇದೆ. ವಸತಿಯನ್ನು ಅವರೇ ಕಾಯ್ದಿರಿಸಿ, ಕೋಣೆಗೆ ಕಾಲಿಡುವಾಗ ಹೋಟೆಲಿನವರು ಕೇಳುವ ಠೇವಣಿಗೂ ತಾವೇ ಹೊಣೆಯಾಗಬಹುದು. ಊಟ ಮತ್ತು ಊರೊಳಗಿನ ಓಡಾಟದ ಹಣವನ್ನು ತಲುಪಿದ ದಿನವೇ ನಗದಾಗಿ ಕೊಡಬಹುದು. ವೀಸಾ ಶುಲ್ಕ, ವಿಮೆ, ವೀಸಾ ಕೇಂದ್ರಕ್ಕೆ ಹೋಗಿಬರುವ ಖರ್ಚು ಇವನ್ನು ಮೊದಲೇ ಕೊಡಬೇಕು, ಮುಖ್ಯವಾಗಿ ವೀಸಾ ಸಿಗದಿದ್ದರೂ ಮರಳಿ ಕೇಳಬಾರದು. ಈ ಕೊನೆಯ ಮಾತನ್ನು ಒಪ್ಪಿಸುವುದೇ ಹೆಚ್ಚು ಕಷ್ಟ. ಬಾರದವರಿಗೆ ಯಾಕೆ ಖರ್ಚು ಎಂದು ಕೇಳುತ್ತಾರೆ. ಆದರೆ ನಿರಾಕರಣೆಯ ನಷ್ಟವನ್ನು ಅರ್ಜಿದಾರನ ಮೇಲೆ ಹಾಕಿದಷ್ಟು ಕಾಲ, ನಿರಾಕರಣೆಯ ಸಾಧ್ಯತೆ ಹೆಚ್ಚಿರುವ ದೇಶದವರು, ತೆಳ್ಳಗಿನ ಕಡತದವರು ಅರ್ಜಿ ಹಾಕುವುದನ್ನೇ ಬಿಡುತ್ತಾರೆ. ಒಂದೇ ಬಜೆಟ್ಟಿನಲ್ಲಿ ಹತ್ತು ಜನರಿಗೆ ಮರುಪಾವತಿ ಕೊಡುವುದಕ್ಕಿಂತ ಎಂಟು ಜನರಿಗೆ ಮುಂಗಡವಾಗಿ ಕೊಡುವುದು ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ. ಸಂಖ್ಯೆ ಕಡಿಮೆಯಾಗುತ್ತದೆ, ಆದರೆ ಬರುವವರು ಬೇರೆಯವರಾಗುತ್ತಾರೆ.

ತಿಂಗಳಿನ ಪ್ರಶ್ನೆಯೂ ಇಲ್ಲೇ ಇದೆ. ಷೆಂಗೆನ್ ವೀಸಾಕ್ಕೆ ಪ್ರಯಾಣದ ಆರು ತಿಂಗಳ ಮೊದಲೇ ಅರ್ಜಿ ಹಾಕಬಹುದು. ತೀರ್ಮಾನಕ್ಕೆ ಸಾಮಾನ್ಯವಾಗಿ ಹದಿನೈದು ದಿನ, ಕೆಲವೊಮ್ಮೆ ನಲವತ್ತೈದು ದಿನದವರೆಗೆ. ಅದಕ್ಕೂ ಮೊದಲು ಭೇಟಿಯ ದಿನಾಂಕ ಸಿಗಬೇಕು, ಬೇಸಿಗೆ ರಜೆಯ ಪ್ರವಾಸಿಗರು ಅವನ್ನೆಲ್ಲ ತುಂಬಿರುತ್ತಾರೆ. ನನ್ನಂಥ ಸರ್ಕಾರಿ ನೌಕರರಿಗೆ ವಿದೇಶ ಪ್ರಯಾಣಕ್ಕೆ ಇಲಾಖೆಯ ಪೂರ್ವಾನುಮತಿ ಬೇಕು, ಆ ಕಡತವೂ ತನ್ನದೇ ನಡಿಗೆಯಲ್ಲಿ ನಡೆಯುತ್ತದೆ. ಸಮ್ಮೇಳನಕ್ಕೆ ಎರಡು ತಿಂಗಳಿರುವಾಗ ಆಯ್ಕೆಯ ಪತ್ರ ಬಂದರೆ ಪಾಸ್‌ಪೋರ್ಟಿನಲ್ಲಿ ಈಗಾಗಲೇ ವೀಸಾ ಒತ್ತಿರುವವರು, ಅಂದರೆ ಹಿಂದೆ ಹೋಗಿಬಂದವರೇ ಮತ್ತೆ ಹೋಗುತ್ತಾರೆ. ಟಿಕೆಟ್ಟಿನ ಬೆಲೆಯೂ ಅಷ್ಟರಲ್ಲಿ ಏರಿರುತ್ತದೆ. ಹೊಸ ಮುಖಗಳು ಬರುತ್ತಿಲ್ಲ ಎಂದು ಪ್ರತಿ ಸಮ್ಮೇಳನದಲ್ಲಿಯೂ ಚಿಂತಿಸುವವರು ಆಯ್ಕೆ ಸಮಿತಿಯ ದಿನದರ್ಶಿಯನ್ನು ಒಮ್ಮೆ ನೋಡಬೇಕು. ಪೂರ್ವಸಿದ್ಧತೆಯ ಕೆಲಸದಲ್ಲಿ ಒಂದು ರೂಪಾಯಿಯೂ ಹೆಚ್ಚು ಖರ್ಚಿಲ್ಲದೆ ಮಾಡಬಹುದಾದ ಸುಧಾರಣೆಯೆಂದರೆ ಆಯ್ಕೆಯನ್ನು ಆರು ತಿಂಗಳು ಮೊದಲೇ ಪ್ರಕಟಿಸುವುದು.

ಜಾಗದ ಆಯ್ಕೆ ಇನ್ನೂ ತೊಡಕಿನದು. ವಿಕಿಮೇನಿಯಾ 2005ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ಆರಂಭವಾಗಿ ತೈಪೆ, ಅಲೆಕ್ಸಾಂಡ್ರಿಯ, ಬ್ಯೂನಸ್ ಐರಿಸ್, ಹಾಂಗ್‌ಕಾಂಗ್, ಕೇಪ್‌ಟೌನ್, ಸಿಂಗಪುರ ಎಂದು ಸುತ್ತುತ್ತ 2025ರಲ್ಲಿ ನೈರೋಬಿ ತಲುಪಿತು. ನಕ್ಷೆಯವರ ಸಮ್ಮೇಳನವೂ 2024ರಲ್ಲಿ ನೈರೋಬಿಯಲ್ಲೇ ನಡೆದಿತ್ತು. ಕೀನ್ಯಾ 2024ರ ಆರಂಭದಲ್ಲಿ ವೀಸಾ ಪದ್ಧತಿಯನ್ನು ಕೈಬಿಟ್ಟು ಅಂತರಜಾಲದಲ್ಲೇ ಪಡೆಯುವ ಪ್ರಯಾಣಾನುಮತಿಯನ್ನು ತಂದಿತು. ಬೆಂಗಳೂರಿಗೆ ಬೆರಳಚ್ಚಿನ ಪ್ರಯಾಣವಿಲ್ಲ, ಪಹಣಿಯಲ್ಲಿ ಯಾರ ಹೆಸರಿದೆ ಎಂದು ಯಾರೂ ಕೇಳುವುದಿಲ್ಲ. ಪೊನ್ನಂಪೇಟೆಯ ಗೆಳೆಯ ಮೊದಲ ಸಲ ಪಾಸ್‌ಪೋರ್ಟ್ ಮಾಡಿಸಲು ಹೊರಟದ್ದು ಆ ಸುದ್ದಿ ಕೇಳಿದ ಮೇಲೆಯೇ. ಅಲ್ಲಿಯೂ ಒಂದು ಗಂಟು ಇತ್ತು: ಕೀನ್ಯಾದಿಂದ ಭಾರತಕ್ಕೆ ಮರಳುವವರ ಬಳಿ ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ ಇರಬೇಕು, ಅದನ್ನು ಪ್ರಯಾಣಕ್ಕೆ ಕನಿಷ್ಠ ಹತ್ತು ದಿನ ಮೊದಲು ಹಾಕಿಸಿರಬೇಕು, ಸರ್ಕಾರ ಗುರುತಿಸಿದ ಕೆಲವೇ ಕೇಂದ್ರಗಳಲ್ಲಿ ಮಾತ್ರ ಅದು ಸಿಗುತ್ತದೆ. ಇಂಥ ವಿವರ ಸಮ್ಮೇಳನದ ಮಾಹಿತಿ ಪುಟದ ಮೊದಲ ಪರದೆಯಲ್ಲೇ ಇರಬೇಕು, ಪ್ರಯಾಣಿಕನ ಅದೃಷ್ಟಕ್ಕೆ ಬಿಡಬಾರದು.

ಹಾಗೆಂದು ಭಾರತದಲ್ಲೇ ನಡೆಸಿದರೆ ಎಲ್ಲ ಸುಲಭ ಎಂದುಕೊಳ್ಳುವುದು ನಮ್ಮ ಸ್ವಾರ್ಥ. 2023ರ ಸೆಪ್ಟೆಂಬರಿನಲ್ಲಿ ಡೆಬ್‌ಕಾನ್ಫ್ ಕೊಚ್ಚಿಗೆ ಬಂದಾಗ ವಿರಾಜಪೇಟೆಯಿಂದ ಘಾಟಿ ಇಳಿದು ತಲಶ್ಶೇರಿಯಲ್ಲಿ ರೈಲು ಹತ್ತಿದರೆ ಸಾಕಾಗಿತ್ತು, ಅದರ ಖರ್ಚಿಗೆ ಯಾರ ನೆರವೂ ಬೇಕಿರಲಿಲ್ಲ. ಅದೇ ತಿಂಗಳು ಬೆಂಗಳೂರಿನಲ್ಲಿ ಏಷ್ಯಾದಲ್ಲೇ ಮೊದಲ ಬಾರಿಗೆ ವಿಶ್ವ ಕಾಫಿ ಸಮ್ಮೇಳನ ನಡೆದಾಗಲೂ, ಅದು ಬೇರೆ ಜಾತಿಯ ಸಮ್ಮೇಳನವಾದರೂ, ರಾತ್ರಿ ಬಸ್ಸಿನ ದೂರದಲ್ಲಿದೆ ಎಂಬ ಒಂದೇ ಕಾರಣಕ್ಕೆ ನಮ್ಮ ಕಡೆಯ ಬೆಳೆಗಾರರ ಮಾತಿನಲ್ಲಿ ಅದು ಸೇರಿಕೊಂಡಿತ್ತು. ಆದರೆ ಭಾರತಕ್ಕೆ ಬರುವ ವಿದೇಶಿಯರಿಗೆ ಸಮ್ಮೇಳನ ವೀಸಾ ಎಂಬ ಪ್ರತ್ಯೇಕ ವರ್ಗವಿದೆ. ಸಂಘಟಕರು ಗೃಹ ಮತ್ತು ವಿದೇಶಾಂಗ ಸಚಿವಾಲಯಗಳ ಅನುಮತಿಗೆ ಅಲೆಯಬೇಕು. ನೆರೆಯ ಪಾಕಿಸ್ತಾನದ ಸ್ವಯಂಸೇವಕನಿಗೆ ಕೊಚ್ಚಿಗಿಂತ ನೈರೋಬಿಯೇ ಹತ್ತಿರ. ಎಲ್ಲರಿಗೂ ತೆರೆದ ನೆಲ ಎಲ್ಲಿಯೂ ಇಲ್ಲದಿರುವುದರಿಂದ, ಒಂದು ವರ್ಷ ಯಾರಿಗೆ ಕಷ್ಟವಾಯಿತೋ ಮುಂದಿನ ವರ್ಷ ಅವರಿಗೆ ಸುಲಭವಾಗುವಂತೆ ಜಾಗವನ್ನು ಸುತ್ತಿಸುವುದೊಂದೇ ದಾರಿ. ಹಾಗೆ ಸುತ್ತಿಸುವಾಗ ನಗರದ ಸೌಂದರ್ಯ, ಸಭಾಂಗಣದ ಗಾತ್ರ ಇವುಗಳ ಜೊತೆಗೆ ಯಾವ ಯಾವ ಪಾಸ್‌ಪೋರ್ಟಿನವರು ಕಡತವಿಲ್ಲದೆ ಬರಬಹುದು ಎಂಬ ಪಟ್ಟಿಯನ್ನೂ ಎದುರಿಗಿಟ್ಟುಕೊಳ್ಳಬೇಕು.

ವಸತಿಯ ವಿಚಾರದಲ್ಲಿ ಕೊಡಗಿನವನಾಗಿ ನನಗೆ ಸ್ವಲ್ಪ ಹೆಚ್ಚು ಹೇಳುವ ಆಸೆ. 2016ರ ವಿಕಿಮೇನಿಯಾ ನಡೆದದ್ದು ಇಟಲಿಯ ಎಸಿನೊ ಲಾರಿಯೊ ಎಂಬ, ಸಾವಿರ ಜನರೂ ಇಲ್ಲದ ಬೆಟ್ಟದ ಹಳ್ಳಿಯಲ್ಲಿ. ದೊಡ್ಡ ಹೋಟೆಲುಗಳಿಲ್ಲದ ಆ ಊರಿನಲ್ಲಿ ಅತಿಥಿಗಳು ಊರಿನ ಮನೆಗಳಲ್ಲೂ ಉಳಿದರು, ಊರಿನ ಕಟ್ಟಡಗಳೇ ಸಭಾಂಗಣಗಳಾದವು. ಅದನ್ನು ಓದಿದಾಗ ಹೋಮ್‌ಸ್ಟೇಗಳ ಊರಿನವನಾದ ನನಗೆ ಆಶ್ಚರ್ಯವಾಗಲಿಲ್ಲ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಆರಂಭಿಸಿದ ಕೊಡವ ಕುಟುಂಬಗಳ ಹಾಕಿ ಹಬ್ಬವನ್ನು ಪ್ರತಿವರ್ಷ ಬೇರೆ ಬೇರೆ ಒಕ್ಕ ವಹಿಸಿಕೊಂಡು ನಡೆಸುತ್ತದೆ. 2024ರಲ್ಲಿ ಕುಂಡ್ಯೋಳಂಡ ಕುಟುಂಬ ನಾಪೋಕ್ಲಿನಲ್ಲಿ ನಡೆಸಿದಾಗ 360 ತಂಡಗಳು ಆಡಿದವು. ಬೆಂಗಳೂರಿನಿಂದಲೂ ಹೊರದೇಶದಿಂದಲೂ ಬರುವವರು ನೆಂಟರ ಮನೆಯಲ್ಲಿ ಉಳಿಯುತ್ತಾರೆ, ಹೊಣೆ ಹೊತ್ತ ಕುಟುಂಬ ಒಂದು ವರ್ಷ ಮೊದಲಿನಿಂದಲೇ ಹಣ ಕೂಡಿಸುತ್ತದೆ. ಆಡಲು ಬರುವ ಹುಡುಗ ಮೊದಲು ಖರ್ಚು ಮಾಡಿ ಆಮೇಲೆ ರಸೀದಿ ಕೊಡುವ ಪ್ರಶ್ನೆಯೇ ಅಲ್ಲಿಲ್ಲ. ಮನೆವಾಸಕ್ಕೆ ಅದರದೇ ಮಿತಿಗಳಿವೆ. ಬೆಟ್ಟದೂರಿನ ಏರಿಳಿತ ಗಾಲಿಕುರ್ಚಿಗೆ ಹಿತವಲ್ಲ, ಒಬ್ಬಳೇ ಬರುವ ಹೆಣ್ಣುಮಗಳಿಗೆ ಅಪರಿಚಿತರ ಮನೆ ಎಲ್ಲ ಕಾಲಕ್ಕೂ ನಿರಾಳವಲ್ಲ. ಅಂಥವರಿಗೆ ಹೋಟೆಲಿನ ಕೋಣೆಯನ್ನೇ ಕೊಡುವುದು ಸರಿ.

ಕನ್ನಡಿಗರಿಗೆ ಇದಕ್ಕಿಂತ ದೊಡ್ಡ ಮಾದರಿಯೂ ಮನೆಯಲ್ಲೇ ಇದೆ. ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ಮಡಿಕೇರಿಗೆ ಬಂದದ್ದು 1932ರಲ್ಲಿ ಡಿ.ವಿ.ಜಿ. ಅಧ್ಯಕ್ಷತೆಯಲ್ಲಿ, 1981ರಲ್ಲಿ ಶಂ.ಬಾ. ಜೋಶಿಯವರ ಅಧ್ಯಕ್ಷತೆಯಲ್ಲಿ, ಮತ್ತೆ 2014ರ ಜನವರಿಯಲ್ಲಿ ನಾ. ಡಿಸೋಜರ ಅಧ್ಯಕ್ಷತೆಯಲ್ಲಿ. ಈ ಸಮ್ಮೇಳನಗಳ ಗದ್ದಲ, ರಾಜಕೀಯ, ಮುಗಿಯದ ಭಾಷಣಗಳ ಬಗ್ಗೆ ಎಷ್ಟು ಬೇಕಾದರೂ ಗೊಣಗಬಹುದು, ನಾನೂ ಗೊಣಗುತ್ತೇನೆ. ಆದರೆ ಪ್ರತಿನಿಧಿಯಾಗಿ ಹೆಸರು ಕೊಟ್ಟವನಿಗೆ ಸಣ್ಣ ಶುಲ್ಕಕ್ಕೆ ಶಾಲೆ, ಕಲ್ಯಾಣ ಮಂಟಪಗಳಲ್ಲಿ ಮಲಗಲು ಜಾಗ, ಮೂರು ಹೊತ್ತಿನ ಊಟ ಸಿಗುತ್ತದೆ. ಸುಮ್ಮನೆ ಕೇಳಲು ಬಂದ ಸಾರ್ವಜನಿಕರಿಗೂ ಎಲೆ ಹಾಕುತ್ತಾರೆ. ಅದಕ್ಕಿಂತ ಹೆಚ್ಚಿನದು ಓಓಡಿ. ಸರ್ಕಾರಿ ನೌಕರರು ಹಾಜರಾತಿ ಪತ್ರ ತಂದರೆ ಆ ದಿನಗಳನ್ನು ಅನ್ಯಕಾರ್ಯ ನಿಮಿತ್ತವೆಂದು ಗಣಿಸಲಾಗುತ್ತದೆ, ಸ್ವಂತ ರಜೆ ಕಳೆಯುವುದಿಲ್ಲ. ಬೀದರಿನ ಶಿಕ್ಷಕ ಕೊಡಗಿಗೆ ಬಂದು ಹೋಗುವುದು ಸಾಧ್ಯವಾಗಿರುವುದು ಇದರಿಂದ. ಅಂತರರಾಷ್ಟ್ರೀಯ ಸಮ್ಮೇಳನಗಳು ಹಣದ ನೆರವಿನ ಬಗ್ಗೆ ಎಷ್ಟೆಲ್ಲ ಯೋಚಿಸುತ್ತವೆ, ಸಮಯದ ನೆರವಿನ ಬಗ್ಗೆ ಒಂದು ಸಾಲು ಬರೆಯುವುದಿಲ್ಲ. ದಿನಗೂಲಿಯ ಮೇಲೆ ಬದುಕುವ ಸ್ವಯಂಸೇವಕನಿಗೆ ವಾರದ ಗಳಿಕೆ ಹೋಗುತ್ತದೆ. ಖಾಸಗಿ ಶಾಲೆಯ ಶಿಕ್ಷಕಿಗೆ ಸಂಬಳ ಕಡಿತವಾಗುತ್ತದೆ. ಉದ್ಯೋಗದಾತರಿಗೆ ಒಂದು ಗೌರವದ ಪತ್ರ, ಗಳಿಕೆ ಕಳೆದುಕೊಳ್ಳುವವರಿಗೆ ದಿನಭತ್ಯೆಯಲ್ಲಿ ಸ್ವಲ್ಪ ಹೆಚ್ಚು, ಮಗುವನ್ನು ಬಿಟ್ಟು ಬರಲಾಗದ ತಾಯಿಗೆ ಸಮ್ಮೇಳನದಲ್ಲೇ ಶಿಶುಪಾಲನೆ, ಇವೆಲ್ಲ ಸಮಯದ ನೆರವುಗಳೇ.

ಅಂತರಜಾಲದಲ್ಲಿ ನೋಡಿದರಾಯಿತಲ್ಲ ಎನ್ನುವವರಿದ್ದಾರೆ. 2020ರಲ್ಲಿ ಬ್ಯಾಂಕಾಕ್‌ನಲ್ಲಿ ನಡೆಯಬೇಕಿದ್ದ ವಿಕಿಮೇನಿಯಾ ಕೊರೊನಾದಿಂದ ನಿಂತು, ಮುಂದಿನ ವರ್ಷ ಪೂರ್ತಿ ಅಂತರಜಾಲಕ್ಕೆ ಬಂದಾಗ ನಮಗೆ ಹಬ್ಬವಾದದ್ದು ನಿಜ. ಆದರೆ ಆಗಸ್ಟ್ ತಿಂಗಳೆಂದರೆ ಇಲ್ಲಿ ಕಕ್ಕಡದ ಮಳೆ. ಮರ ಬಿದ್ದು ಲೈನ್ ಹರಿದರೆ ಕರೆಂಟು ಯಾವಾಗ ಬರುವುದೆಂದು ಯಾರೂ ಹೇಳಲಾರರು, ಟವರಿನ ಬ್ಯಾಟರಿ ಮುಗಿದರೆ ಫೋನೂ ಇಲ್ಲ. ಅಮೆರಿಕದ ಹಗಲಿಗೆ ಹೊಂದಿಸಿದ ಗೋಷ್ಠಿ ನಮ್ಮ ನಡುರಾತ್ರಿಗೆ ಬರುತ್ತದೆ. ಅದಕ್ಕಿಂತ ಮುಖ್ಯವಾಗಿ, ಸಮ್ಮೇಳನದ ನಿಜವಾದ ಕೆಲಸ ಚಹಾದ ಸಾಲಿನಲ್ಲಿ ನಡೆಯುತ್ತದೆ, ಅದಕ್ಕೆ ಕ್ಯಾಮೆರಾ ಇರುವುದಿಲ್ಲ. ನನಗೆ ಹೆಚ್ಚು ಉಪಯುಕ್ತವೆನಿಸಿದ್ದು ಇವೆರಡರ ನಡುವಿನ ಒಂದು ದಾರಿ: ಮಡಿಕೇರಿಯ ಶಾಲೆಯೊಂದರ ಕೋಣೆಯಲ್ಲಿ ಜನರೇಟರ್ ಇಟ್ಟುಕೊಂಡು ಸುತ್ತಲಿನ ಹತ್ತಾರು ಜನ ಒಟ್ಟಿಗೆ ಕುಳಿತು ಗೋಷ್ಠಿಗಳನ್ನು ನೋಡಿ, ಮಧ್ಯಾಹ್ನ ಊಟ ಮಾಡಿ, ಆಮೇಲೆ ನಮ್ಮದೇ ನಕ್ಷೆ, ನಮ್ಮದೇ ಲೇಖನಗಳ ಬಗ್ಗೆ ಚರ್ಚಿಸುವುದು. ಒಬ್ಬರ ವಿಮಾನ ಟಿಕೆಟ್ಟಿನ ಹಣದಲ್ಲಿ ಇಂಥ ಹಲವು ಕೂಟಗಳಾಗುತ್ತವೆ.

ಆ ಹಣ ವಿದೇಶದಿಂದ ಬರುವುದು ಸುಲಭವಿಲ್ಲ ಎಂಬುದನ್ನೂ ಹೇಳಬೇಕು. ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಯಡಿ ನೋಂದಣಿಯಾಗಲಿ ಪೂರ್ವಾನುಮತಿಯಾಗಲಿ ಇಲ್ಲದ ಸಂಘ ವಿದೇಶಿ ದೇಣಿಗೆ ಪಡೆಯುವಂತಿಲ್ಲ. 2020ರ ತಿದ್ದುಪಡಿಯ ನಂತರ ನೋಂದಣಿಯಿರುವ ಸಂಸ್ಥೆಯೂ ಅದನ್ನು ಇನ್ನೊಂದು ಸಂಸ್ಥೆಗೆ ವರ್ಗಾಯಿಸುವಂತಿಲ್ಲ. ಹಾಗಾಗಿ ಇಂಥ ಕೂಟಗಳಿಗೆ ಇಲ್ಲಿನ ಹಣವೇ ಬೇಕು, ಅಥವಾ ನೇರವಾಗಿ ಊಟದವರಿಗೆ, ಸಭಾಂಗಣದವರಿಗೆ ಬಿಲ್ ಪಾವತಿಸುವ ಭಾರತೀಯ ಸಂಸ್ಥೆಯೊಂದು ಬೇಕು.

ಭಾಷೆಯ ವಿಷಯದಲ್ಲಿ ಒಂದೇ ಮಾತು. ತೆರೆಯ ಮೇಲೆ ಓಡುವ ಇಂಗ್ಲಿಷ್ ಅಕ್ಷರಗಳನ್ನು ಕಿವುಡರಿಗಾಗಿ ಎಂದು ಹಾಕುತ್ತಾರೆ. ಅವರಷ್ಟೇ ಪ್ರಯೋಜನ ಪಡೆಯುವವರು ಇಂಗ್ಲಿಷನ್ನು ಓದಬಲ್ಲ, ಆದರೆ ಸ್ಕಾಟ್ಲೆಂಡಿನವರ ಬಾಯಲ್ಲಿ ಅದನ್ನು ಹಿಡಿಯಲಾಗದ ನಮ್ಮಂಥವರು. ಅರ್ಜಿಯನ್ನು ಕನ್ನಡದಲ್ಲಿ ಬರೆಯಲು ಬಿಟ್ಟರೆ ಇನ್ನೂ ಒಳ್ಳೆಯದು, ಏಕೆಂದರೆ ಈಗ ಇಂಗ್ಲಿಷಿನಲ್ಲಿ ತನ್ನ ಕೆಲಸವನ್ನು ಹೊಗಳಿಕೊಳ್ಳಬಲ್ಲವನೇ ಆಯ್ಕೆಯಾಗುತ್ತಾನೆ.

ಈ ವರ್ಷ ಸಮ್ಮೇಳನವೊಂದರ ಆಯ್ಕೆ ಸಮಿತಿಗೆ ನನ್ನ ಹೆಸರನ್ನು ಯಾರೋ ಸೂಚಿಸಿದ್ದಾರೆ. ಒಪ್ಪಿಕೊಳ್ಳುವ ಮೊದಲು ಅರ್ಜಿಯ ನಮೂನೆ ತರಿಸಿ ನೋಡಿದೆ. ಈ ಸಮ್ಮೇಳನ ನಿಮಗೇಕೆ ಮುಖ್ಯ ಎಂಬುದಕ್ಕೆ ಐನೂರು ಪದಗಳ ಉತ್ತರ ಕೇಳಿದ್ದಾರೆ. ಅದನ್ನು ನೂರಕ್ಕೆ ಇಳಿಸಿ, ಉಳಿದ ಜಾಗದಲ್ಲಿ ನಾಲ್ಕು ಪ್ರಶ್ನೆ ಸೇರಿಸಿ ಎಂದು ಬರೆದಿದ್ದೇನೆ: ನಿಮ್ಮ ಬಳಿ ವಿದೇಶದಲ್ಲಿ ನಡೆಯುವ ಕಾರ್ಡ್ ಇದೆಯೇ? ನಿಮ್ಮ ಖಾತೆಗೆ ಹೊರದೇಶದ ಹಣ ಬರುತ್ತದೆಯೇ? ವೀಸಾಕ್ಕಾಗಿ ನೀವು ಯಾವ ಊರಿಗೆ ಹೋಗಬೇಕು, ಅದು ಎಷ್ಟು ದೂರ? ರಜೆ ಕೇಳಲು ನಿಮಗೆ ಯಾರ ಹೆಸರಿಗೆ ಪತ್ರ ಬೇಕು? ಈ ಉತ್ತರಗಳನ್ನು ಆಯ್ಕೆಗೆ ಬಳಸಬಾರದು, ಆಯ್ಕೆಯಾದವರಿಗೆ ಹಣವನ್ನು ಯಾವಾಗ, ಹೇಗೆ ಕಳಿಸಬೇಕೆಂದು ತೀರ್ಮಾನಿಸಲು ಮಾತ್ರ ಬಳಸಬೇಕು ಎಂದೂ ಸೇರಿಸಿದ್ದೇನೆ. ಅವರ ಉತ್ತರ ಇನ್ನೂ ಬಂದಿಲ್ಲ.